ಕಲ್ಲಿನ ಕೆತ್ತನೆ, ಬೆಳಕಿನ ಅಳತೆ

ಹಿಡಕಲ್ ಡ್ಯಾಮಿನಿಂದ ಬಿಟ್ಟ ನೀರು ಬ್ರಿಟಿಷರ ಕಾಲದ ಧೂಪದಾಳ ಒಡ್ಡನ್ನು ದಾಟಿ, ಬಂಡೆಗಳ ಮೇಲೆ ಹರಡಿಕೊಂಡು, ಗೋಕಾಕ ಫಾಲ್ಸಿನ ಅಂಚಿಗೆ ಬಂದು ಒಮ್ಮೆಲೇ 170 ಅಡಿ ಕೆಳಕ್ಕೆ ಬೀಳುತ್ತದೆ. ಮಳೆಗಾಲದಲ್ಲಿ ಆ ನೀರು ಕೆಂಪು ಮಣ್ಣಿನ ಬಣ್ಣದ್ದು. ಬಿದ್ದ ಜಾಗದಿಂದ ಎದ್ದ ತುಂತುರು ಕಣಿವೆಯ ಅಂಚಿನವರೆಗೂ ಏರಿ ನಿಂತವರ ಮುಖ ತೋಯಿಸುತ್ತದೆ. ಬೇಸಿಗೆಗೆ ಅದೇ ಅಂಚಿನಲ್ಲಿ ಬರೀ ಬಂಡೆ. ಹಾಳೆ ಹಾಳೆಯಾಗಿ ಜೋಡಿಸಿದ ಮರಳುಗಲ್ಲು, ಅದರ ಬಿರುಕಿನಲ್ಲಿ ಉಳಿದ ಅಷ್ಟಿಷ್ಟು ನೀರು. ತಲೆಯ ಮೇಲೆ ತೂಗುಸೇತುವೆ. ದಡದಲ್ಲಿ, ಈ ನೀರಿನ ಬಲದಿಂದಲೇ 1887ರಲ್ಲಿ ನೂಲು ತೆಗೆಯತೊಡಗಿದ ಮಿಲ್ಲು. ಜನ ಸೇತುವೆಯ ಮೇಲೆ ನಿಂತು ಫೋಟೊ ತೆಗೆಸಿಕೊಂಡು, ಕರದಂಟಿನ ಪೊಟ್ಟಣ ಕೊಂಡು ಹೊರಡುತ್ತಾರೆ. ಹತ್ತಿರದಲ್ಲೇ ಇರುವ ಮಹಾಲಿಂಗೇಶ್ವರನ ಗುಡಿಯ ಕಡೆ ತಿರುಗುವವರು ಕಡಿಮೆ.

ಗುಡಿ ಕಲ್ಯಾಣ ಚಾಲುಕ್ಯರ ಶೈಲಿಯದು. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ತುಸು ಹೊತ್ತು ಬೇಕು. ಆಮೇಲೆ ಕಂಬಗಳು ಒಂದೊಂದಾಗಿ ಕಾಣತೊಡಗುತ್ತವೆ; ಬುಡ ಚೌಕ, ಮೇಲೆ ದುಂಡು, ಅದರ ಮೇಲೆ ಬೋದಿಗೆ. ಬಾಗಿಲವಾಡದ ಪಟ್ಟಿಗಳ ಮೇಲೆ ಬೆರಳಾಡಿಸಿದರೆ ಕಣ್ಣಿಗೆ ಕಾಣದ ಏರಿಳಿತವೂ ತಿಳಿಯುತ್ತದೆ. ಎಷ್ಟೋ ಶತಮಾನಗಳ ಎಣ್ಣೆ, ಅರಿಸಿನ, ಗಾಳಿಯ ತೇವ ಎಲ್ಲ ಸೇರಿ ಕೆತ್ತನೆಯ ಚೂಪನ್ನು ಮೊಂಡು ಮಾಡಿವೆ. ಇಷ್ಟಾದ ಮೇಲೂ ಉಳಿದಿರುವುದು ಎಷ್ಟು ಎಂದು ಹೇಳಲು ನಮ್ಮಲ್ಲಿ ಇಂದು ಒಂದು ಸಾಧನವಿದೆ. ಅದೇ ಲೇಸರ್ ಸ್ಕ್ಯಾನರ್.

ಮೂರು ಕಾಲಿನ ಆಸರೆಯ ಮೇಲೆ ಕೂರುವ ಸಣ್ಣ ಪೆಟ್ಟಿಗೆ ಅದು. ಒಳಗೊಂದು ಕನ್ನಡಿ ಗರಗರ ತಿರುಗುತ್ತ ಬೆಳಕಿನ ಎಳೆಯನ್ನು ಮೇಲಿಂದ ಕೆಳಕ್ಕೆ ಎಸೆಯುತ್ತದೆ. ಪೆಟ್ಟಿಗೆಯೇ ನಿಧಾನವಾಗಿ ಸುತ್ತು ಹೊಡೆಯುತ್ತದೆ. ಬೆಳಕು ಹೋಗಿ ಕಲ್ಲಿಗೆ ತಾಗಿ ಮರಳುವ ಹೊತ್ತನ್ನು ಲೆಕ್ಕ ಹಾಕಿ ದೂರ ತಿಳಿಯುವುದು ಒಂದು ಬಗೆ. ಹೋದ ಅಲೆಗಿಂತ ಬಂದ ಅಲೆ ಎಷ್ಟು ಹಿಂದೆ ಬಿದ್ದಿದೆ ಎಂದು ಹೋಲಿಸಿ ತಿಳಿಯುವುದು ಇನ್ನೊಂದು. ಬೆಳಕು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಲ್ಲಿ ಸುಮಾರು 30 ಸೆಂಟಿಮೀಟರ್ ಓಡುತ್ತದೆ. ಹಾಗಾಗಿ ದೂರದಲ್ಲಿ ಒಂದೇ ಒಂದು ಮಿಲಿಮೀಟರ್ ವ್ಯತ್ಯಾಸ ತಿಳಿಯಬೇಕೆಂದರೆ, ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿ ಅದರಲ್ಲಿ ಏಳು ಪಾಲಿನಷ್ಟು ಹೊತ್ತನ್ನು ಗುರುತಿಸಬೇಕು. ಇಂದಿನ ಯಂತ್ರಗಳು ಇಂಥ ಅಳತೆಯನ್ನು ಸೆಕೆಂಡಿಗೆ ಹತ್ತು ಲಕ್ಷದವರೆಗೂ ಮಾಡಬಲ್ಲವು. ಒಂದೊಂದು ಅಳತೆಯೂ ಒಂದೊಂದು ಚುಕ್ಕಿಯಾಗಿ ಉಳಿಯುತ್ತದೆ: ಎಡಬಲ ಎಷ್ಟು, ಹಿಂದುಮುಂದು ಎಷ್ಟು, ಎತ್ತರ ಎಷ್ಟು ಎಂಬ ಮೂರು ಅಂಕಿ. ಜೊತೆಗೆ ಕಲ್ಲಿನಿಂದ ಮರಳಿದ ಬೆಳಕು ಎಷ್ಟು ಗಟ್ಟಿಯಾಗಿತ್ತು ಎಂಬ ನಾಲ್ಕನೆಯದು.

ಫಾಲ್ಸಿನ ಬಳಿ ಈ ಕೆಲಸಕ್ಕೆ ಕೂರುವವರು ಕಾಲ ನೋಡಿ ಕೂರಬೇಕು. ಮಳೆಗಾಲದ ತುಂತುರಿನ ಹನಿಹನಿಯೂ ಬೆಳಕನ್ನು ತಡೆದು ಹಿಂದಕ್ಕೆ ಕಳಿಸುತ್ತದೆ; ಯಂತ್ರ ಅದನ್ನೂ ಕಲ್ಲೆಂದೇ ಬರೆದುಕೊಂಡು ಗಾಳಿಯಲ್ಲಿ ಸುಳ್ಳು ಚುಕ್ಕಿಗಳನ್ನು ತೇಲಿಬಿಡುತ್ತದೆ. ತೂಗುಸೇತುವೆಯ ಮೇಲಿಂದ ನೋಟ ಸೊಗಸು, ಆದರೆ ಅಲ್ಲಿ ಯಂತ್ರ ಇಡುವ ಹಾಗಿಲ್ಲ. ನಾಲ್ಕು ಜನ ನಡೆದರೂ ಸೇತುವೆ ತೂಗುತ್ತದೆ, ಚುಕ್ಕಿಗಳೆಲ್ಲ ಕದಡಿಹೋಗುತ್ತವೆ. ಅಳೆಯುವ ಹೊತ್ತಿನಲ್ಲಿ ಅಡ್ಡ ಹಾದ ಭಕ್ತರು, ಜಗತಿಯ ಮೇಲೆ ಓಡಿದ ಮಂಗ, ಎಲ್ಲವೂ ಅರೆಬರೆ ಆಕಾರಗಳಾಗಿ ಉಳಿದುಬಿಡುತ್ತವೆ. ಅವನ್ನೆಲ್ಲ ಕಂಪ್ಯೂಟರಿನ ಮುಂದೆ ಕೂತು ಕೈಯಿಂದ ಹೆಕ್ಕಿ ತೆಗೆಯಬೇಕು. ಒಂದು ಕಡೆಯಿಂದ ನೋಡಿದರೆ ಕಂಬದ ಹಿಂದಿನ ಮೈ ಕಾಣುವುದಿಲ್ಲ. ಆದ್ದರಿಂದ ಯಂತ್ರವನ್ನು ಹತ್ತಾರು ಕಡೆ ಸರಿಸಿಟ್ಟು, ಗೋಡೆಗೆ ಅಂಟಿಸಿದ ಗುರುತುಚೀಟಿ, ನೆಲದ ಮೇಲಿಟ್ಟ ಬಿಳಿಯ ಗುಂಡುಗಳ ಸಹಾಯದಿಂದ ಎಲ್ಲ ನೋಟಗಳನ್ನೂ ಒಂದಕ್ಕೊಂದು ಹೊಂದಿಸುತ್ತಾರೆ.

ಹೊಂದಿಸಿ ಮುಗಿದ ಮೇಲೆ ಪರದೆಯ ಮೇಲೆ ಮೂಡುವ ಗುಡಿಯನ್ನು ಮೊದಲ ಸಲ ನೋಡಿದವರು ಬೆರಗಾಗದೆ ಇರಲಾರರು. ಕಪ್ಪು ಆಕಾಶದಲ್ಲಿ ಕೋಟ್ಯಂತರ ಚುಕ್ಕಿ ಕೂಡಿ ಗುಡಿಯಾಗಿ ನಿಂತಿರುತ್ತವೆ. ಗೋಡೆಯನ್ನು ತೂರಿ ಒಳಗೆ ನೋಡಬಹುದು, ಮಾಳಿಗೆಯನ್ನು ಎತ್ತಿ ಪಕ್ಕಕ್ಕಿಡಬಹುದು. ಆದರೆ ಹತ್ತಿರ ಹೋದಷ್ಟೂ ಗುಡಿ ಕರಗುತ್ತದೆ. ಚುಕ್ಕಿಗಳ ನಡುವೆ ಏನೂ ಇಲ್ಲ. ಇದು ಬುಡದ ಪಟ್ಟಿಯಾದ ಕುಮುದದ ಗುಂಡು ಏಣು, ಇದು ಸೂರಿನಂತೆ ಬಾಗಿದ ಕಪೋತದ ಇಳಿಜಾರು, ಇದು ಕೀರ್ತಿಮುಖದ ಕೋರೆ ಎಂಬುದು ಚುಕ್ಕಿಗಳಿಗೆ ತಿಳಿಯದು. ಚುಕ್ಕಿಗಳ ರಾಶಿಯಿಂದ ಕೆತ್ತನೆಯ ಮೈಯನ್ನು ಮರಳಿ ಕಟ್ಟುವುದು ಬೇರೆಯೇ ಕೆಲಸ. ಅದಕ್ಕೆ ಕಲ್ಲನ್ನು ಬಲ್ಲ ಕಣ್ಣು ಬೇಕು. ಈ ಮಾತನ್ನು ಒತ್ತಿ ಹೇಳುವುದಕ್ಕಾಗಿಯೇ ನಾನು ಈ ನುಡಿಚಿತ್ರ ಬರೆಯುತ್ತಿದ್ದೇನೆ.

ಎಲ್ಲ ಕಟ್ಟಡಗಳೂ ಒಂದೇ ಸಮ ಕಾಡುವುದಿಲ್ಲ. ಹುಕ್ಕೇರಿಯ ಹಳೆಯ ಗುಮ್ಮಟಗಳನ್ನು ನೋಡಿ. ನುಣುಪಾದ ಗೋಲ, ಚೌಕ ಗೋಡೆ, ಕಮಾನು. ಚುಕ್ಕಿಗಳ ಮೇಲೆ ಒಂದು ಗೋಲದ ಲೆಕ್ಕ ಕೂರಿಸಿದರೆ ಗುಮ್ಮಟದ ಬಹುಪಾಲು ಸಿಕ್ಕಿತು. ಎಲ್ಲಿ ಗಾರೆ ಕುಸಿದಿದೆ, ಎಲ್ಲಿ ಗೋಡೆ ಓರೆಯಾಗಿದೆ ಎಂಬುದು ಆ ಲೆಕ್ಕದಿಂದ ದೂರ ಸರಿದ ಚುಕ್ಕಿಗಳಲ್ಲೇ ಕಾಣುತ್ತದೆ. ಕಷ್ಟವಿರುವುದು ಕೆತ್ತನೆಯಲ್ಲಿ. ಅದನ್ನು ನೋಡಬೇಕೆಂದರೆ ಬೆಳಗಾವಿ ಕೋಟೆಗೆ ಹೋಗಬೇಕು.

ಕೋಟೆಯ ಬಾಗಿಲು ದಾಟಿ ಮರಗಳ ನೆರಳಿನಲ್ಲಿ ನಡೆದರೆ ಕಮಲ ಬಸದಿ ಸಿಗುತ್ತದೆ. ರಟ್ಟ ಮನೆತನದ ಅರಸ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ್ದು. ಹೊರಗಿನಿಂದ ಅಂಥ ಆಡಂಬರವಿಲ್ಲ. ಕಪ್ಪಗಿನ ಕಲ್ಲು, ಅಚ್ಚುಕಟ್ಟಾದ ಮೈ. ಒಳಗೆ ನೇಮಿನಾಥ. ಮಂಟಪದ ಕಂಬಗಳಿಗೆ ಎಂಥ ಹೊಳಪೆಂದರೆ ಬಾಗಿಲಿನಿಂದ ಬಂದ ಬೆಳಕು ಅವುಗಳ ದುಂಡಿನ ಮೇಲೆ ಉದ್ದನೆಯ ಬಿಳಿ ಗೆರೆಯಾಗಿ ನಿಲ್ಲುತ್ತದೆ. ತಲೆಯೆತ್ತಿದರೆ ಕಮಲ.

ಅದನ್ನು ನಿಂತು ನೋಡಿದರೆ ಕುತ್ತಿಗೆ ನೋಯುತ್ತದೆ, ನೆಲದ ಮೇಲೆ ಅಂಗಾತ ಮಲಗಿ ನೋಡಬೇಕು. ಕಲ್ಲಿನ ಸುತ್ತುಗಳು ಒಂದರೊಳಗೊಂದು ಕಿರಿದಾಗುತ್ತ ಮೇಲೇರುತ್ತವೆ. ಏರಿದ ಆ ಗುಡಾರದ ನಡುವಿನಿಂದ ಕಮಲವೊಂದು ಕೆಳಮುಖವಾಗಿ ಇಳಿದಿದೆ. ಅದರ ದಳಗಳು 72. ಹಿಂದಿನ, ಇಂದಿನ, ಮುಂದಿನ ಕಾಲಗಳ ಇಪ್ಪತ್ನಾಲ್ಕು ಇಪ್ಪತ್ನಾಲ್ಕು ತೀರ್ಥಂಕರರಿಗೆ ಒಂದೊಂದು ದಳ, ದಳದ ಮೇಲೆ ಅವರ ಮೂರ್ತಿ. ಶಿಲ್ಪಿ ಕಲ್ಲನ್ನು ಬರೀ ಮೇಲ್ಮೈಯಲ್ಲಿ ಕೊರೆದು ಬಿಟ್ಟಿಲ್ಲ. ದಳದ ಅಂಚಿನ ಹಿಂದಕ್ಕೆ ಉಳಿ ಹೊಕ್ಕಿಸಿ ಟೊಳ್ಳು ಮಾಡಿದ್ದಾನೆ. ಆದ್ದರಿಂದ ಪ್ರತಿ ದಳದ ಹಿಂದೆಯೂ ನೆರಳು ತುಂಬಿದೆ, ಆ ನೆರಳಿನಿಂದಲೇ ದಳ ತೆಳುವಾಗಿ ಕಾಣುತ್ತದೆ. ಎಂಟುನೂರು ವರ್ಷದ ಹಿಂದೆ ಒಬ್ಬ ಮನುಷ್ಯ ತಲೆಯ ಮೇಲಕ್ಕೆ ಏರಿಸಬೇಕಾದ ಕಲ್ಲಿನಲ್ಲಿ ಈ ನೆರಳಿನ ಲೆಕ್ಕ ಹಾಕಿದ್ದಾನೆ ಎಂಬುದನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಲೇಸರ್ ಸೋಲುವುದು ಆ ನೆರಳಿನ ಜಾಗದಲ್ಲೇ. ಕಮಲದ ನೇರ ಕೆಳಗೆ ಯಂತ್ರ ಇಟ್ಟರೆ ದಳಗಳ ಮುಖ ಚೆನ್ನಾಗಿ ಬರುತ್ತದೆ, ದಳದ ಹಿಂದಿನ ಟೊಳ್ಳು ಬೆಳಕಿಗೆ ಸಿಗುವುದೇ ಇಲ್ಲ. ಮಂಟಪದ ಮೂಲೆಗಳಿಂದ ಓರೆಯಾಗಿ ಅಳೆದರೆ ಟೊಳ್ಳಿನ ಒಂದಿಷ್ಟು ಸಿಕ್ಕೀತು, ಆಗ ಮತ್ತೊಂದು ದಳ ಅಡ್ಡ ಬರುತ್ತದೆ. ಚುಕ್ಕಿಗಳ ಬಿಡುವೂ ಒಂದು ತೊಡಕು. ಹತ್ತು ಮೀಟರ್ ದೂರಕ್ಕೆ ಆರು ಮಿಲಿಮೀಟರಿಗೊಂದು ಚುಕ್ಕಿ ಬೀಳುವಂತೆ ಹೊಂದಿಸಿದ ಯಂತ್ರಕ್ಕೆ ಗೋಡೆಯ ನೇರ ಸಿಗುತ್ತದೆ, ಕಂಬದ ದಪ್ಪ ಸಿಗುತ್ತದೆ. ಆದರೆ ಜೋಳದ ಕಾಳಿನಷ್ಟೇ ಗಾತ್ರದ ಮುತ್ತುಗಳ ಸಾಲು ಪೂರ್ತಿ ತಪ್ಪಿಹೋಗುತ್ತದೆ. ಕೆತ್ತನೆಯ ಅತಿ ಸಣ್ಣ ಅಂಶ ಎಷ್ಟಿದೆಯೋ ಅದರ ಅರ್ಧಕ್ಕಿಂತ ಒತ್ತಾಗಿ ಚುಕ್ಕಿಗಳು ಬೀಳಬೇಕು. ಹಾಗಾಗಿ ಬಲ್ಲವರು ಕೆಲಸವನ್ನು ಹಂಚುತ್ತಾರೆ. ಇಡೀ ಕಟ್ಟಡಕ್ಕೆ ಮೂರು ಕಾಲಿನ ಯಂತ್ರ, ಕೆತ್ತನೆಗೆ ಕೈಯಲ್ಲಿ ಹಿಡಿದು ಆಡಿಸುವ ಸ್ಕ್ಯಾನರ್, ಬಣ್ಣಕ್ಕೂ ಸಂದುಗೊಂದುಗಳಿಗೂ ನೂರಾರು ಫೋಟೊ. ಹೊಳೆಯುವ ಕಂಬಗಳು ಬೆಳಕನ್ನು ಕನ್ನಡಿಯ ಹಾಗೆ ಬೇರೆ ಕಡೆಗೆ ತಿರುಗಿಸಿಬಿಡುವುದರಿಂದ ಅಲ್ಲಿಯೂ ಓರೆ ನೋಟ ಬೇಕು.

ಆ ಕಂಬಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಕಲ್ಯಾಣ ಚಾಲುಕ್ಯರ ಕಾಲಕ್ಕೆ ನಮ್ಮ ಶಿಲ್ಪಿಗಳು ಮರಳುಗಲ್ಲನ್ನು ಬಿಟ್ಟು ಬಳಪದ ಕಲ್ಲಿಗೆ ಬಂದರು. ಗಣಿಯಿಂದ ತೆಗೆದಾಗ ಅದು ಮೆತ್ತಗಿರುತ್ತದೆ. ಕಂಬದ ಕಲ್ಲನ್ನು ತಿರುಗುವಂತೆ ನಿಲ್ಲಿಸಿ, ಉಳಿ ತಾಗಿಸಿ, ಚರಕಿಯಲ್ಲಿ ಕಡೆದರು. ಕಂಬದ ಸುತ್ತ ಬಳೆ ಬಳೆಯಾಗಿ ಇಳಿಯುವ ಚೂಪು ಏಣುಗಳು ಹಾಗೆ ಹುಟ್ಟಿದವು. ಇಂದು ಕಂಪ್ಯೂಟರಿನಲ್ಲಿ ಅದೇ ಕಂಬವನ್ನು ಕಟ್ಟುವವರು ಮಾಡುವುದೂ ಅದನ್ನೇ. ಚುಕ್ಕಿಗಳ ರಾಶಿಯನ್ನು ನಡುವೆ ಸೀಳಿ, ಕಂಬದ ಅಂಚಿನ ಗೆರೆಯನ್ನಷ್ಟೇ ತೆಗೆದು, ಆ ಗೆರೆಯನ್ನು ನಡುದಿಂಡಿನ ಸುತ್ತ ತಿರುಗಿಸುತ್ತಾರೆ. ಒಂದು ಸುತ್ತಿಗೆ ಕಂಬ ಎದ್ದು ನಿಲ್ಲುತ್ತದೆ. ಕಲ್ಲು ಹೇಗೆ ಹುಟ್ಟಿತೋ ಮಾದರಿಯೂ ಹಾಗೆಯೇ ಹುಟ್ಟುತ್ತದೆ. ತಿರುಗಿಸಿದ ಮಾದರಿಯನ್ನು ಅಳೆದ ಚುಕ್ಕಿಗಳ ಮೇಲೆ ಕೂರಿಸಿದಾಗ ಎಲ್ಲಿ ಎರಡೂ ಕೂಡುವುದಿಲ್ಲವೋ ಅಲ್ಲಿ ಕಂಬದ ಕಥೆಯಿದೆ: ಒಂದು ಒಡಕು, ಒಂದು ತಿಕ್ಕಾಟ, ಭಕ್ತರ ಬೆನ್ನು ಒರಗಿ ಒರಗಿ ಸವೆದ ಜಾಗ.

ಕಮಲಕ್ಕೆ ಈ ಉಪಾಯ ಸಲ್ಲದು. ಒಂದು ದಳವನ್ನು ಚೆನ್ನಾಗಿ ಮಾಡಿ ಅದನ್ನೇ ಸುತ್ತ ನಕಲು ಹೊಡೆದರೆ ಒಂದು ಮಧ್ಯಾಹ್ನದಲ್ಲಿ ಕಮಲ ತಯಾರು. ನೋಡಲು ಚೆಂದವಾಗಿಯೇ ಇರುತ್ತದೆ. ಆದರೆ ಅದು ಕಮಲ ಬಸದಿಯ ಕಮಲ ಆಗಿರುವುದಿಲ್ಲ. ಅಲ್ಲಿನ ದಳಗಳನ್ನು ಕೈ ಕೆತ್ತಿದೆ. ಒಂದರ ತುದಿ ತುಸು ಬಾಗು, ಇನ್ನೊಂದರದು ನೇರ, ಒಂದರ ಮೂರ್ತಿಯ ಭುಜ ಅಗಲ, ಇನ್ನೊಂದರದು ಕಿರಿದು. ನಕಲು ಈ ವ್ಯತ್ಯಾಸವನ್ನೆಲ್ಲ ಅಳಿಸಿ ಶಿಲ್ಪಿಯ ಕೈಯನ್ನೇ ಇಲ್ಲವಾಗಿಸುತ್ತದೆ. ಜಾಹೀರಾತಿಗೆ, ಸಿನಿಮಾ ಸೆಟ್ಟಿಗೆ ಹಾಗೆ ಮಾಡಿಕೊಳ್ಳಲಿ. ದಾಖಲೆ ಎಂದು ಕರೆಯುವ ಮಾದರಿಯಲ್ಲಿ ಒಂದು ದಳವನ್ನೂ ನಕಲು ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗೋಕಾಕದಲ್ಲಿ ಮರದ, ಮಣ್ಣಿನ ಹಣ್ಣು-ತರಕಾರಿ ಮಾಡುವ ಕಲಾವಿದರ ಮನೆಗಳಿವೆ. ಅವರು ಮಾಡಿದ ಒಂದು ಮಾವಿನ ಹಣ್ಣಿನ ಪಕ್ಕ ಇನ್ನೊಂದನ್ನು ಇಟ್ಟು ನೋಡಿ. ಒಂದರ ಮೂತಿ ಇನ್ನೊಂದರಂತೆ ಇರುವುದಿಲ್ಲ. ಕೆತ್ತನೆಯ ಮಾದರಿ ಕಟ್ಟುವ ಹುಡುಗ ಹುಡುಗಿಯರು ಕೆಲವು ದಿನ ಅಂಥ ಮನೆಯ ಕಟ್ಟೆಯ ಮೇಲೆ ಕೂತು ಬಂದರೆ ಅವರ ಕಣ್ಣು ಬೇರೆಯಾಗುತ್ತದೆ.

ಬೆಳಕು ತಲುಪದ ಟೊಳ್ಳನ್ನು, ಮೂಗು ಒಡೆದ ಮೂರ್ತಿಯನ್ನು ಹೇಗೆ ತೋರಿಸಬೇಕು? ಇಲ್ಲಿಯೂ ಪ್ರಾಮಾಣಿಕತೆಯೇ ದಾರಿ. ಪರಂಪರೆಯ ತಾಣಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವವರಿಗಾಗಿ 2006ರಲ್ಲಿ ರೂಪುಗೊಂಡ ಲಂಡನ್ ಚಾರ್ಟರ್ ಎಂಬ ನಿಯಮಾವಳಿಯೊಂದಿದೆ. ಯಾವುದು ಸಾಕ್ಷ್ಯ, ಯಾವುದು ಊಹೆ ಎಂಬುದು ನೋಡುವವರಿಗೆ ತಿಳಿಯುವಂತಿರಬೇಕು ಎನ್ನುವುದು ಅದರ ತಿರುಳು. ಅಳೆದದ್ದಕ್ಕೆ ಒಂದು ಬಣ್ಣ, ಊಹಿಸಿ ತುಂಬಿದ್ದಕ್ಕೆ ಇನ್ನೊಂದು ಬಣ್ಣ ಕೊಟ್ಟರೂ ಸಾಕು. ಒಡೆದ ಮೂಗನ್ನು ಸದ್ದಿಲ್ಲದೆ ಸರಿಮಾಡಿ ಇಟ್ಟರೆ ಮುಂದಿನವರು ಅದನ್ನೇ ನಿಜವೆಂದು ನಂಬಿಬಿಡುತ್ತಾರೆ.

ಈ ಕೆಲಸ ನಮ್ಮ ನಾಡಿಗೆ ಹೊಸದೇನಲ್ಲ. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2010ರ ಸುಮಾರಿಗೆ ಹಂಪಿಯನ್ನು ಡಿಜಿಟಲ್ ರೂಪದಲ್ಲಿ ಹಿಡಿಯುವ ಯೋಜನೆ ಕೈಗೆತ್ತಿಕೊಂಡಾಗ ದೇಶದ ದೊಡ್ಡ ತಾಂತ್ರಿಕ ಸಂಸ್ಥೆಗಳ ಸಾಲಿನಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜೂ ಇತ್ತು. ಇಂದು ಅದೇ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ. ಚುಕ್ಕಿಗಳ ರಾಶಿಯಲ್ಲಿ ಉಳಿದ ರಂಧ್ರಗಳನ್ನು ಅಕ್ಕಪಕ್ಕದ ಕೆತ್ತನೆಯ ಆಧಾರದ ಮೇಲೆ ತುಂಬುವ ಲೆಕ್ಕದ ದಾರಿಗಳನ್ನು ಅಲ್ಲಿನ ಅಧ್ಯಾಪಕರು, ವಿದ್ಯಾರ್ಥಿಗಳು ಹುಡುಕಿದರು. ಇತ್ತ ಬೆಂಗಳೂರಿನಲ್ಲಿ, 1909ರಷ್ಟು ಹಳೆಯ ಮಿಥಿಕ್ ಸೊಸೈಟಿ 2021ರಿಂದ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಹೆಬ್ಬಾಳದಲ್ಲಿ ಸಿಕ್ಕ, ಸುಮಾರು 750ರ ಕಿತ್ತಯ್ಯನ ಶಾಸನದಂಥ ಕಲ್ಲುಗಳಿಗೆ ಇದರಿಂದ ಮರುಜೀವ ಬಂದಿದೆ. ಸವೆದ ಅಕ್ಷರದ ಆಳ ಕೂದಲೆಳೆಯಷ್ಟೇ ಉಳಿದಿದ್ದರೂ, ಪರದೆಯ ಮೇಲೆ ಕಲ್ಲಿನ ಬಣ್ಣವನ್ನೆಲ್ಲ ತೆಗೆದು, ಬೇಕಾದ ದಿಕ್ಕಿನಿಂದ ಬೆಳಕು ಚೆಲ್ಲಿದರೆ ಅಕ್ಷರ ಎದ್ದು ಬರುತ್ತದೆ. ನಮ್ಮ ಬೆಳಗಾವಿಯ ರಟ್ಟರ ಕಾಲದ ಎರಡು ಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿ ಎಷ್ಟೋ ಕಾಲವಾಯಿತು. ಕಲ್ಲುಗಳು ಮರಳಿ ಬರಲಿ ಬಾರದಿರಲಿ, ಅವುಗಳ ಅಕ್ಷರ ಅಕ್ಷರವೂ ಹೀಗೆ ಅಳೆದು ಬಸದಿಯ ಅಂಗಳಕ್ಕೆ ಬರುವುದಕ್ಕೆ ಯಾವ ಅಡ್ಡಿಯೂ ಇರಬಾರದು.

ಬೆಳಗಾವಿಯಿಂದ ಹುಕ್ಕೇರಿ ಸೀಮೆಗೆ ತಿರುಗಿ ಹಿಡಕಲ್ ಕಡೆ ಹೊರಟರೆ ಕಬ್ಬಿನ ಹೊಲಗಳ ನಡುವೆ ದಾರಿ ಸಾಗುತ್ತದೆ. ಆ ಹಸಿರಿಗೆ ಹಿಡಕಲ್ ಜಲಾಶಯವೇ ಕಾರಣ. ವಂಟಮೂರಿಯ ರಾಜಾ ಲಖಮಗೌಡರ ಹೆಸರಿನ ಅಣೆಕಟ್ಟು; 51 ಟಿ.ಎಂ.ಸಿ. ನೀರು ಹಿಡಿಯುತ್ತದೆ. ಆ ನೀರು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹೊಲಗಳಿಗೆ ಹರಿಯುತ್ತದೆ, ಬೆಳಗಾವಿ ನಗರಕ್ಕೆ ಕುಡಿಯಲು ಹೋಗುತ್ತದೆ. ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2175 ಅಡಿ. ಆ ಮಟ್ಟದ ಕೆಳಗೆ ಮನೆ, ಹೊಲ, ಬಾವಿ, ಗುಡಿ ಎಲ್ಲವೂ ಉಳಿದುಹೋದವು.

ಬೇಸಿಗೆ ಬಲಿತಂತೆ ಈ ನೀರು ಹಿಂದೆ ಸರಿಯುತ್ತದೆ. ಸರಿಯುತ್ತ ದಡದ ಮೇಲೆ ಒಂದರ ಕೆಳಗೊಂದು ಮಣ್ಣಿನ ಗೆರೆ ಬಿಟ್ಟು ಹೋಗುತ್ತದೆ. ಮೇಲಿನ ಗೆರೆಗಳಲ್ಲಿ ಹುಲ್ಲು ಚಿಗುರಿ ಎಮ್ಮೆಗಳು ಮೇಯುತ್ತವೆ. ನಡುವಿನವು ಒಣಗಿ ಬಿರಿದು ಹೆಂಟೆಯಾಗಿರುತ್ತವೆ. ಕೆಳಗಿನವು ಇನ್ನೂ ಹಸಿ, ಕಾಲಿಟ್ಟರೆ ಒಳಕ್ಕೆ ಎಳೆಯುತ್ತವೆ. ಬೆಳ್ಳಕ್ಕಿಗಳು ನೀರಿನಂಚಿಗೇ ಸಾಲುಗಟ್ಟಿ ಅದರ ಜೊತೆಗೇ ಹಿಂದೆ ಹಿಂದೆ ಸರಿಯುತ್ತವೆ. ಜಲಾಶಯದ ದಡದ ಹುನ್ನೂರಿನ ಕಡೆ ಇದೇ ಹೊತ್ತಿಗೆ ವಿಠ್ಠಲನ ಗುಡಿ ನೀರಿನಿಂದ ಏಳುತ್ತದೆ. ಮೊದಲು ಶಿಖರ. ನೀರು ಇಳಿದಂತೆಲ್ಲ ಅದರ ಕೆಳಗೆ ಮಾಳಿಗೆ, ಗೋಡೆ, ಬಾಗಿಲು. ವರ್ಷದ ಹೆಚ್ಚಿನ ತಿಂಗಳು ಮೀನುಗಳ ಓಡಾಟವಿದ್ದ ಕಡೆಗೆ ಜನ ನಡೆದುಕೊಂಡು ಬರುತ್ತಾರೆ. ಹೂವು, ಊದಿನಕಡ್ಡಿ, ಕಾಯಿ. ಮಕ್ಕಳು ಗೋಡೆಯ ಮೇಲಿನ ಒಣಗಿದ ಕೆಸರಿನಲ್ಲಿ ಹೆಸರು ಬರೆಯುತ್ತಾರೆ.

ಗೋಡೆಯ ನೆರಳಿನಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನ ಕೈಯ ಕ್ಯಾಮರಾ ನೋಡಿ ಮಾತಿಗೆಳೆದರು.

“ಯಾವೂರಿಂದ ಬಂದ್ರಿ?”

“ಬೆಳಗಾವಿಂದ್ರೀ ಅಜ್ಜಾರ.”

“ನೋಡ್ಕೋರಿ, ಪಟಾ ತಕ್ಕೋರಿ. ಮಿರಗಾ ಸುರು ಆತಂದ್ರ ವಿಠ್ಠಲ ಮತ್ತ ನೀರಾಗ ಹೊಕ್ಕಾನ. ಮುಂದಿನ ವರ್ಷ ಅವ ಬರತಾನ ಖರೆ, ನಾವ ಇರತೇವೋ ಇಲ್ಲೋ.”

“ಗುಡಿ ಮೊದಲಿನ್ಹಂಗ ಐತೇನ್ರೀ ಅಜ್ಜಾರ?”

ಅವರು ಎದ್ದು ಗೋಡೆಯ ಮೇಲೆ ಅಂಗೈ ಇಟ್ಟರು. “ನೀರಾಗಿಂದ ಬಂದ್ಮ್ಯಾಲ ಕಲ್ಲ ಮೆತ್ತಗ ಆಗತೈತ್ರಿ. ಕೈಗೇ ಗೊತ್ತಾಗತೈತಿ. ಎಷ್ಟ ಸವದೈತಿ ಅಂತ ಯಾರ ಹೇಳ್ಬೇಕ?”

ಆ ಪ್ರಶ್ನೆಗೆ ಉತ್ತರ ಲೇಸರಿನ ಬಳಿ ಇದೆ. ಮುಳುಗಿ ನಿಂತ ಕಲ್ಲಿಗೆ ದೊಡ್ಡ ಹಿಂಸೆ ನೀರಿನದಷ್ಟೇ ಅಲ್ಲ. ತೋಯುವುದು, ಒಣಗುವುದು, ಮತ್ತೆ ತೋಯುವುದು, ಈ ಸರದಿ ಕಲ್ಲನ್ನು ಹೆಚ್ಚು ಸಡಿಲ ಮಾಡುತ್ತದೆ. ಕಲ್ಲಿನ ರಂಧ್ರಗಳಿಗೆ ಇಳಿದ ಲವಣಗಳು ಬಿಸಿಲಿಗೆ ಹರಳುಗಟ್ಟಿ ಉಬ್ಬಿ ಮೇಲಿನ ಪದರವನ್ನು ಸಿಡಿಸುತ್ತವೆ. ಮಟ್ಟ ಏರಿಳಿಯುವ ದಿನಗಳಲ್ಲಿ ಅಲೆಗಳು ಒಂದೇ ಎತ್ತರಕ್ಕೆ ಬಡಿದು ಬಡಿದು ಸಂದುಗಳ ಗಾರೆಯನ್ನು ತೊಳೆಯುತ್ತವೆ. ಹೂಳು ಬಂದು ಬುಡ ಮುಚ್ಚುತ್ತದೆ. ಒಂದು ವರ್ಷಕ್ಕೆ ಇವೆಲ್ಲ ಕಣ್ಣಿಗೆ ಕಾಣುವಷ್ಟಿರುವುದಿಲ್ಲ, ಅದರಿಂದಲೇ ಯಾರೂ ಗಾಬರಿಯಾಗುವುದಿಲ್ಲ. ಒಂದು ಬೇಸಿಗೆಯಲ್ಲಿ ಗುಡಿಯ ಮೈಯನ್ನೆಲ್ಲ ಅಳೆದಿಟ್ಟು, ಮುಂದಿನ ಬೇಸಿಗೆಯಲ್ಲಿ ಅದೇ ಗುರುತುಗಳಿಂದ ಮತ್ತೆ ಅಳೆದು, ಎರಡೂ ಮಾದರಿಗಳನ್ನು ಒಂದರ ಮೇಲೊಂದು ಕೂರಿಸಿದರೆ ಸವೆದ ಜಾಗಗಳು ಬಣ್ಣ ಬಣ್ಣವಾಗಿ ತೋರುತ್ತವೆ. ಹಸಿರಿದ್ದಲ್ಲಿ ಕಲ್ಲು ಹಾಗೆಯೇ ಇದೆ, ಕೆಂಪಿದ್ದಲ್ಲಿ ಕೆಲವು ಮಿಲಿಮೀಟರ್ ಹೋಗಿದೆ. ಯಾವ ಕಲ್ಲು ಓರೆಯಾಗುತ್ತಿದೆ, ಯಾವ ಸಂದಿಗೆ ಮೊದಲು ಗಾರೆ ತುಂಬಬೇಕು ಎಂಬುದು ಆಗ ಊಹೆಯ ಮಾತಾಗಿ ಉಳಿಯುವುದಿಲ್ಲ.

ಕೆಲಸಕ್ಕೆ ಸಿಗುವ ಹೊತ್ತು ಕಿರಿದು. ನೆಲದ ಮೇಲಿಟ್ಟು ಬಳಸುವ ಈ ಸ್ಕ್ಯಾನರುಗಳ ಬೆಳಕು ನೀರಿನೊಳಗೆ ಉಪಯೋಗಕ್ಕೆ ಬಾರದು. ಗೋಡೆ ಹಸಿಯಾಗಿದ್ದರೆ ಕಲ್ಲು ಕಪ್ಪಾಗಿ ಬೆಳಕನ್ನು ನುಂಗಿಕೊಳ್ಳುತ್ತದೆ, ಮರಳುವ ಕಿರಣ ದುರ್ಬಲವಾಗುತ್ತದೆ. ಕೆಸರಿನ ನೆಲದಲ್ಲಿ ಮೂರು ಕಾಲು ನಿಧಾನಕ್ಕೆ ಕುಸಿಯುತ್ತವೆ. ಹಲಗೆ ಹಾಸಿ ನಿಲ್ಲಿಸಬೇಕು. ಮೈಗೆ ಅಂಟಿದ ಒಣ ಕೆಸರನ್ನು ಕೆರೆಯದೆ, ಮೆತ್ತನೆ ಕುಂಚದಿಂದ ತೆಗೆಯಬೇಕು. ಇಲ್ಲದಿದ್ದರೆ ಕೆತ್ತನೆಯ ಬದಲು ಕೆಸರನ್ನೇ ಅಳೆದಂತಾಗುತ್ತದೆ. ಗುಡಿ ಪೂರ್ತಿ ಒಣಗಿದ ಮೇಲೆ, ಮುಂಗಾರು ಬರುವ ಮೊದಲು ಇದೆಲ್ಲ ಮುಗಿಯಬೇಕು.

ಅಳತೆ ಇದ್ದರೆ ಏನಾಗುತ್ತದೆ ಎಂಬುದನ್ನು ಲೋಕ ಕಂಡಿದೆ. ಪ್ಯಾರಿಸ್ಸಿನ ನೋತ್ರ್‌ದಾಮ್ ಚರ್ಚನ್ನು ಕಲಾ ಇತಿಹಾಸಕಾರ ಆಂಡ್ರ್ಯೂ ಟ್ಯಾಲನ್ 2010ರಲ್ಲಿ ಲೇಸರಿನಿಂದ ಅಳೆದಿಟ್ಟರು. ನೂರು ಕೋಟಿಗೂ ಮಿಕ್ಕ ಚುಕ್ಕಿ. 2018ರಲ್ಲಿ ಅವರು ತೀರಿಕೊಂಡರು. ಮರುವರ್ಷ ಏಪ್ರಿಲ್ 15ರಂದು ಚರ್ಚಿನ ಮಾಡು ಹೊತ್ತಿ ಉರಿಯಿತು. ಮರುಕಟ್ಟುವವರಿಗೆ ಟ್ಯಾಲನ್ನರ ಅಳತೆ ಕೈಗೆ ಸಿಕ್ಕಿತ್ತು, 2024ರ ಡಿಸೆಂಬರಿನಲ್ಲಿ ಚರ್ಚು ಮತ್ತೆ ತೆರೆಯಿತು. ನಮ್ಮಲ್ಲೇ, ಕೃಷ್ಣರಾಜಸಾಗರದಲ್ಲಿ ದಶಕಗಳ ಕಾಲ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಎತ್ತರದ ನೆಲದಲ್ಲಿ ಮರಳಿ ಕಟ್ಟಿದ್ದಾರೆ. ಹುನ್ನೂರಿನ ಗುಡಿಯನ್ನೂ ಎತ್ತಿ ತರಬೇಕೋ, ಇದ್ದಲ್ಲೇ ಭದ್ರ ಮಾಡಬೇಕೋ ಎಂಬುದನ್ನು ಊರವರು, ಭಕ್ತರು, ತಿಳಿದವರು ಕೂತು ನಿರ್ಧರಿಸಲಿ. ಯಾವ ನಿರ್ಧಾರಕ್ಕೂ ಮೊದಲು ಅಳತೆ ಬೇಕು.

ಇದಕ್ಕೆ ಬೇಕಾದವರು ದೂರದಲ್ಲಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಬೆಳಗಾವಿಯಲ್ಲೇ ಇದೆ. ಹಂಪಿಯ ಅನುಭವ ಇರುವವರು ಹುಬ್ಬಳ್ಳಿಯಲ್ಲಿದ್ದಾರೆ. ಅದೇ ಕೆ.ಎಲ್.ಇ. ಸಂಸ್ಥೆ 1916ರಲ್ಲಿ ಹುಟ್ಟಿದ್ದು ಬೆಳಗಾವಿಯಲ್ಲಿ, ಮತ್ತು ಅದರ ವಿಜ್ಞಾನ ಕಾಲೇಜಿಗೆ ಇರುವ ಹೆಸರೂ ಹಿಡಕಲ್ ಅಣೆಕಟ್ಟಿನ ಹೆಸರೂ ಒಬ್ಬರದೇ, ರಾಜಾ ಲಖಮಗೌಡರದು. ಸಿವಿಲ್, ವಾಸ್ತುಶಿಲ್ಪ, ಕಂಪ್ಯೂಟರ್ ಓದುವ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಲೇ ಇರುತ್ತಾರೆ. ಅವರ ಜೊತೆಗೆ ಕುಮುದ ಯಾವುದು, ಕಪೋತ ಯಾವುದು ಎಂದು ಬೆರಳಿಟ್ಟು ತೋರಿಸಬಲ್ಲ ಒಬ್ಬ ಶಿಲ್ಪಿ, ಒಬ್ಬ ಇತಿಹಾಸದ ಮೇಷ್ಟ್ರು, ಗುಡಿಯನ್ನು ಮುಳುಗುವ ಮೊದಲು ಕಂಡ ಒಬ್ಬ ಅಜ್ಜ ಇರಲಿ. ಅಳೆದದ್ದು ಯಾರದೋ ಕಚೇರಿಯ ಕಪಾಟಿನಲ್ಲಿ ಕೂರದೆ, ಹುನ್ನೂರಿನ ಶಾಲೆಯ ಮಕ್ಕಳೂ ತೆರೆದು ನೋಡುವಂತೆ ಎಲ್ಲರಿಗೂ ಸಿಗಲಿ. ಜಿಲ್ಲಾಡಳಿತ, ನೀರಾವರಿ ನಿಗಮ, ಪುರಾತತ್ವ ಇಲಾಖೆ ಈ ಬಾರಿ ನೀರು ಇಳಿಯುವ ಮೊದಲೇ ಒಟ್ಟಿಗೆ ಕೂತು ದಿನ ಗೊತ್ತು ಮಾಡಲಿ. ಯಂತ್ರ ಬಾಡಿಗೆಗೆ ಸಿಗುತ್ತದೆ, ಹುಡುಗರು ಸಿದ್ಧರಿದ್ದಾರೆ. ಉಳಿದದ್ದು ಒಂದು ಅಪ್ಪಣೆ ಪತ್ರ ಮಾತ್ರ, ಅದನ್ನು ಕೊಡಿ.